ಚೀಟಿ ಎತ್ತುವುದರಲ್ಲಿಯೂ ನ್ಯಾಯವಿದೆ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಪಾತ್ರೆಯಲ್ಲಿರುವ ಅಗುಳನ್ನೆಲ್ಲ ಹಿಸುಕಿ ನೋಡುವವರು ಯಾರೂ ಇಲ್ಲ. ಒಂದು ಅಗುಳು ಸಾಕು ಎಂಬುದು ಹಿರಿಯರ ಮಾತು. ಆದರೆ ಕುಚ್ಚಲಕ್ಕಿ ಬೇಯಿಸುವ ಮನೆಗಳ ಗೃಹಿಣಿಯರಿಗೆ ಈ ಮಾತಿನ ಒಳಗುಟ್ಟೂ ಗೊತ್ತಿದೆ. ಅವರು ಮೊದಲು ಸೌಟು ಹಾಕಿ ಅಡಿಯಿಂದ ಮೇಲಕ್ಕೆ ಚೆನ್ನಾಗಿ ತಿರುವುತ್ತಾರೆ. ಬಳಿಕವೇ ಅಗುಳನ್ನು ತೆಗೆಯುತ್ತಾರೆ. ತಿರುವದೆ ತೆಗೆದರೆ ಮೇಲಿನ ಅಗುಳಿನ ಸುದ್ದಿ ಮಾತ್ರ ಸಿಕ್ಕೀತು, ಪಾತ್ರೆಯ ಸುದ್ದಿ ಸಿಗಲಾರದು. ಅಡಿಕೆ ವ್ಯಾಪಾರದಲ್ಲಿಯೂ ಅಷ್ಟೆ. ಗೋಣಿಯ ಬಾಯಲ್ಲಿರುವ ಒಂದು ಹಿಡಿ ಅಡಿಕೆಯನ್ನು ನೋಡಿ ಧಾರಣೆ ಹೇಳುವ ವ್ಯಾಪಾರಿ ಹೆಚ್ಚು ದಿನ ಅಂಗಡಿ ಇಟ್ಟುಕೊಂಡಿರಲಾರ. ಗೋಣಿಯ ನಡುವಿಗೂ ಅಡಿಗೂ ಕೈಹಾಕದೆ ಅವನು ಬಾಯಿ ಬಿಡುವುದಿಲ್ಲ.

ಇಂದು ಕಚೇರಿ, ಬೇಂಕು, ಆಸ್ಪತ್ರೆಗಳ ಕಂಪ್ಯೂಟರುಗಳಲ್ಲಿ ನಮ್ಮೆಲ್ಲರ ಹೆಸರುಗಳು ದೊಡ್ಡ ದೊಡ್ಡ ಪಟ್ಟಿಗಳೊಳಗೆ ಒಂದೊಂದು ಸಾಲಾಗಿ ಕುಳಿತಿವೆ. ರೇಶನ್ ಕಾರ್ಡಿನ ಪಟ್ಟಿಯಲ್ಲಿ ಒಂದು ಸಾಲು, ಮತದಾರರ ಪಟ್ಟಿಯಲ್ಲಿ ಒಂದು ಸಾಲು, ಶಾಲೆಯ ದಾಖಲೆಯಲ್ಲಿ ಮತ್ತೊಂದು ಸಾಲು. ಇಂತಹ ಪಟ್ಟಿಗಳಿಂದ ಕೆಲವು ಸಾಲುಗಳನ್ನು ಮಾತ್ರ ಆರಿಸಬೇಕಾದ ಪ್ರಸಂಗಗಳು ಹಲವು. ಯಾವ ಮನೆಗಳಿಗೆ ಹೋಗಿ ಸಮೀಕ್ಷೆ ಮಾಡಬೇಕು? ಯಾವ ಲೆಕ್ಕಗಳನ್ನು ತಪಾಸಣೆಗೆ ಎತ್ತಿಕೊಳ್ಳಬೇಕು? ಹತ್ತು ಸ್ಥಾನಗಳಿಗೆ ಸಾವಿರ ಅರ್ಜಿಗಳು ಬಂದರೆ ಯಾರನ್ನು ಕರೆಯಬೇಕು? ಇಲ್ಲೆಲ್ಲ ಕಂಪ್ಯೂಟರೇ ಚೀಟಿ ಎತ್ತುತ್ತದೆ. ವಿದ್ವಾಂಸರು ಇದನ್ನು ಯಾದೃಚ್ಛಿಕ ಆಯ್ಕೆ ಎನ್ನುತ್ತಾರೆ. ನಮ್ಮ ಜನ ಚೀಟಿ ಎತ್ತುವುದು ಎನ್ನುತ್ತಾರೆ; ನೆರೆಮನೆಯ ಮಲಯಾಳಿಗಳು ನರುಕ್ಕೆಡುಪ್ಪು ಎನ್ನುತ್ತಾರೆ.

‘ಕಂಪ್ಯೂಟರು ಆರಿಸಿದೆ’ ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಮರುಮಾತಾಡುವುದಿಲ್ಲ. ಯಂತ್ರಕ್ಕೆ ಜಾತಿಯಿಲ್ಲ, ಭಾಷೆಯಿಲ್ಲ, ಬಂಧುಬಳಗವಿಲ್ಲ ಎಂಬ ನಂಬಿಕೆ ಇದಕ್ಕೆ ಕಾರಣ. ನಂಬಿಕೆ ತಪ್ಪೇನೂ ಅಲ್ಲ. ಆದರೆ ಚೀಟಿ ಎತ್ತುವ ಕೈಗೆ ಕಣ್ಣು ಕಟ್ಟಿದರಷ್ಟೇ ಸಾಲದು. ಅದರ ಏರ್ಪಾಡು ಮಾಡುವವರ ಕಣ್ಣು ತೆರೆದಿರಬೇಕು. ಸಂಖ್ಯೆಯಲ್ಲಿ ಅಲ್ಪರಾದವರಿಗಂತೂ ಈ ಏರ್ಪಾಡಿನ ಒಳಹೊರಗು ತಿಳಿದಿರುವುದು ಅತ್ಯವಶ್ಯ. ಆದುದರಿಂದಲೇ ಈ ಲೇಖನ.

ಉತ್ತರಮೇರೂರಿನ ಕೊಡ

ಚೀಟಿ ಎತ್ತುವ ನ್ಯಾಯ ನಮ್ಮ ದಕ್ಷಿಣ ದೇಶಕ್ಕೆ ಹೊಸದಲ್ಲ. ತಮಿಳುನಾಡಿನ ಕಾಂಚೀಪುರ ಜಿಲ್ಲೆಯ ಉತ್ತರಮೇರೂರಿನಲ್ಲಿ ವೈಕುಂಠ ಪೆರುಮಾಳ್ ದೇವಸ್ಥಾನವಿದೆ. ಒಂದನೆಯ ಪರಾಂತಕ ಚೋಳನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳು ಅಲ್ಲಿವೆ. ಊರಿನ ಸಭೆಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿವರವಾಗಿ ಹೇಳುತ್ತವೆ. ಊರಿನಲ್ಲಿ 30 ವಾರ್ಡುಗಳು. ಪ್ರತಿ ವಾರ್ಡಿನಲ್ಲಿ ಅರ್ಹತೆಯುಳ್ಳವರ ಹೆಸರುಗಳನ್ನು ಓಲೆಗರಿಯಲ್ಲಿ ಬರೆದು ಕಟ್ಟು ಕಟ್ಟಿ ಕೊಡದೊಳಗೆ ಹಾಕಬೇಕು. ಅರ್ಚಕರಲ್ಲಿ ಹಿರಿಯರಾದವರು ಆ ಕೊಡವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿಯಬೇಕು. ಒಳಗಿನದೇನೆಂದು ಅರಿಯದ ಬಾಲಕನೊಬ್ಬ ಒಂದು ವಾರ್ಡಿನ ಕಟ್ಟನ್ನು ತೆಗೆಯಬೇಕು. ಅದನ್ನು ಬಿಚ್ಚಿ ಬೇರೆ ಬರಿಯ ಕೊಡಕ್ಕೆ ಹಾಕಿ ಕುಲುಕಬೇಕು. ಆ ಮೇಲೆ ಬಾಲಕ ಒಂದು ಓಲೆಯನ್ನು ಎತ್ತಬೇಕು. ಅದನ್ನು ಪಡೆದುಕೊಳ್ಳುವ ಮಧ್ಯಸ್ಥನು ಐದೂ ಬೆರಳುಗಳನ್ನು ಬಿಡಿಸಿ ಅಂಗೈ ಚಾಚಿಯೇ ಪಡೆಯಬೇಕು. ಆಮೇಲೆ ಹೆಸರನ್ನು ಗಟ್ಟಿಯಾಗಿ ಓದಬೇಕು.

ಸಾವಿರ ವರ್ಷಕ್ಕೂ ಹಿಂದಿನ ಈ ನಿಯಮಗಳಲ್ಲಿ ಒಂದೊಂದರ ಹಿಂದೆಯೂ ಒಂದೊಂದು ಸಂಶಯಕ್ಕೆ ಉತ್ತರವಿದೆ. ಕುಲುಕುವುದು ಯಾಕೆ? ಕೊನೆಗೆ ಹಾಕಿದ ಓಲೆ ಮೇಲೆಯೇ ಉಳಿಯಬಾರದೆಂದು. ಬಾಲಕ ಯಾಕೆ? ಎತ್ತುವವನಿಗೆ ಯಾರ ಹಂಗೂ ಇರಬಾರದೆಂದು. ಬೆರಳು ಬಿಡಿಸಿದ ಅಂಗೈ ಯಾಕೆ? ಕೈಚಳಕದಿಂದ ಓಲೆ ಬದಲಾಗಬಾರದೆಂದು. ಎಲ್ಲಕ್ಕಿಂತ ಮುಖ್ಯವಾಗಿ, ಮೂವತ್ತು ವಾರ್ಡುಗಳಿಗೆ ಬೇರೆ ಬೇರೆ ಕಟ್ಟು ಯಾಕೆ? ಊರಿನ ಓಲೆಗಳನ್ನೆಲ್ಲ ಒಂದೇ ರಾಶಿ ಮಾಡಿದರೆ ಹೆಚ್ಚು ಜನರಿರುವ ಕೇರಿಗಳೇ ಸಭೆಯನ್ನು ತುಂಬಬಹುದು, ಸಣ್ಣ ಕೇರಿಗೆ ಸರದಿಯೇ ಬಾರದಿರಬಹುದು ಎಂಬ ಎಚ್ಚರ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ರಾಜ್ಯದಲ್ಲಿ ಈಗಲೂ ಚೀಟಿಗೆ ಗೌರವವಿದೆ. ಶಬರಿಮಲೆಯ ಮೇಲ್ಶಾಂತಿಯನ್ನು ಆರಿಸುವಾಗ ಎರಡು ಕೊಡಗಳನ್ನಿಡುತ್ತಾರೆ. ಒಂದರಲ್ಲಿ ಹೆಸರುಗಳ ಚೀಟಿಗಳು. ಇನ್ನೊಂದರಲ್ಲಿ ಅಷ್ಟೇ ಸಂಖ್ಯೆಯ ಚೀಟಿಗಳು, ಆದರೆ ಅವುಗಳಲ್ಲಿ ಒಂದರಲ್ಲಿ ಮಾತ್ರ ಮೇಲ್ಶಾಂತಿ ಎಂಬ ಬರಹ. ಮಕ್ಕಳೇ ಎತ್ತುತ್ತಾರೆ. ಪಂಚಾಯತು ಚುನಾವಣೆಗೆ ಮುಂಚೆ ಮೀಸಲು ವಾರ್ಡುಗಳನ್ನು ನಿರ್ಣಯಿಸುವುದಕ್ಕೂ ನರುಕ್ಕೆಡುಪ್ಪು ಇದೆ. ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲಿ ಇಬ್ಬರಿಗೆ ಸಮಾನ ಮತ ಬಂದರೆ ಚೀಟಿಯಿಂದಲೇ ತೀರ್ಮಾನ ಎಂದು 1951ರ ಜನಪ್ರಾತಿನಿಧ್ಯ ಕಾಯಿದೆಯೇ ಹೇಳುತ್ತದೆ. ಮತಯಂತ್ರದ ಲೆಕ್ಕಕ್ಕೂ ಕಾಗದದ ಸ್ಲಿಪ್ಪುಗಳ ಲೆಕ್ಕಕ್ಕೂ ತಾಳೆ ನೋಡಲು ಪ್ರತಿ ವಿಧಾನಸಭಾ ಕ್ಷೇತ್ರದಿಂದ ಐದು ಮತಗಟ್ಟೆಗಳನ್ನು ಆರಿಸಬೇಕೆಂದು 2019ರ ಎಪ್ರಿಲ್ 8ರಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಆ ಐದನ್ನು ಆರಿಸುವುದೂ ಏಜೆಂಟರ ಎದುರಿನಲ್ಲಿ ಚೀಟಿ ಎತ್ತಿಯೇ.

ಕುಲುಕದ ಡಬ್ಬಿಯ ಕತೆ

ಕುಲುಕುವುದನ್ನು ಅಲಕ್ಷ್ಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಸಾಕ್ಷಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಯಾವ ಯುವಕರನ್ನು ಮೊದಲು ಸೈನ್ಯಕ್ಕೆ ಕರೆಯಬೇಕೆಂದು ನಿರ್ಣಯಿಸಲು ಅಲ್ಲಿನ ಸರಕಾರ 1969ರ ಡಿಸೆಂಬರ್ 1ರಂದು ಚೀಟಿ ಎತ್ತಿಸಿತು. ವರ್ಷದ 366 ತಾರೀಕುಗಳನ್ನು 366 ನೀಲಿ ಗುಳಿಗೆಗಳೊಳಗೆ ಹಾಕಿದರು. ಯಾವ ತಾರೀಕು ಮೊದಲು ಬಂದಿತೋ ಆ ದಿನ ಹುಟ್ಟಿದವರಿಗೆ ಮೊದಲ ಕರೆ. ಮೊದಲು ಬಂದ ತಾರೀಕು ಸೆಪ್ಟೆಂಬರ್ 14.

ಎಲ್ಲವೂ ಟೆಲಿವಿಷನ್ನಿನ ಎದುರಿನಲ್ಲಿ ಬಹಿರಂಗವಾಗಿಯೇ ನಡೆಯಿತು. ಆದರೂ ಕೆಲವೇ ದಿನಗಳಲ್ಲಿ ಸಂಖ್ಯಾಶಾಸ್ತ್ರಜ್ಞರು ಹುಬ್ಬೇರಿಸಿದರು. ನ್ಯಾಯವಾಗಿ ನಡೆದಿದ್ದರೆ ಪ್ರತಿ ತಿಂಗಳಿನ ತಾರೀಕುಗಳಿಗೆ ಸಿಕ್ಕಿದ ಕ್ರಮಾಂಕಗಳ ಸರಾಸರಿ 183ರ ಆಸುಪಾಸಿನಲ್ಲಿರಬೇಕಿತ್ತು. ಜನವರಿಯ ಸರಾಸರಿ ಸುಮಾರು 201, ಡಿಸೆಂಬರಿನದು ಸುಮಾರು 121. ಅಂದರೆ ವರ್ಷದ ಕೊನೆಯ ತಿಂಗಳಲ್ಲಿ ಹುಟ್ಟಿದವರನ್ನು ಯುದ್ಧ ಬೇಗನೆ ಕರೆಯಿತು. ಕಾರಣ ಬಹಳ ಸರಳ. ಗುಳಿಗೆಗಳನ್ನು ಜನವರಿಯಿಂದ ಆರಂಭಿಸಿ ತಿಂಗಳು ತಿಂಗಳಾಗಿ ಪೆಟ್ಟಿಗೆಗೆ ಹಾಕಿದ್ದರು, ಸಾಕಷ್ಟು ಕಲಸಿರಲಿಲ್ಲ. ಯಾರೂ ಮೋಸ ಮಾಡಲಿಲ್ಲ, ಆದರೂ ಅನ್ಯಾಯವಾಯಿತು. 1970ರ ಜುಲೈ 1ರ ಮುಂದಿನ ಸರದಿಗೆ ಎರಡು ಪೀಪಾಯಿಗಳನ್ನಿಟ್ಟು, ಒಂದರಿಂದ ತಾರೀಕನ್ನೂ ಇನ್ನೊಂದರಿಂದ ಕ್ರಮಾಂಕವನ್ನೂ ಎತ್ತಿದರು. ಎರಡು ಕೊಡಗಳ ಉಪಾಯ ಅವರಿಗೂ ಹೊಳೆಯಿತೆನ್ನಬೇಕು.

ಕಂಪ್ಯೂಟರು ಚೀಟಿ ಎತ್ತುವ ಬಗೆ

ಇನ್ನು ಕಂಪ್ಯೂಟರಿನ ವಿಚಾರ. ಅದರೊಳಗಿನ ಪಟ್ಟಿಯಿಂದ ಹತ್ತು ಸಾಲುಗಳನ್ನು ಎತ್ತಲು ಹಲವು ದಾರಿಗಳಿವೆ. ಅವುಗಳನ್ನು ಬಲ್ಲವರು ಬಳಸುವ ಯಂತ್ರಭಾಷೆಯನ್ನು ಬಿಟ್ಟು, ನಮ್ಮ ಪಂಚಾಯತು ಕಚೇರಿಯ ರಿಜಿಸ್ಟರಿನ ಮಾತಿನಲ್ಲಿಯೇ ಹೇಳೋಣ.

ಮೊದಲನೆಯ ದಾರಿ ಎಲ್ಲಕ್ಕಿಂತ ನೇರವಾದುದು. ರಿಜಿಸ್ಟರಿನ ಪ್ರತಿಯೊಂದು ಹೆಸರಿನ ಎದುರು ಮನಸ್ಸಿಲ್ಲದ ಯಂತ್ರ ಕೊಟ್ಟ ಒಂದು ಸಂಖ್ಯೆಯನ್ನು ಬರೆಯುವುದು. ಆ ಸಂಖ್ಯೆಗಳ ಕ್ರಮದಲ್ಲಿ ಇಡೀ ಪಟ್ಟಿಯನ್ನು ಜೋಡಿಸುವುದು. ಮೇಲಿನ ಹತ್ತನ್ನು ತೆಗೆದುಕೊಳ್ಳುವುದು. ಇದು ಚೆನ್ನಾಗಿ ಕುಲುಕಿದ ಕೊಡ. ಎಲ್ಲರಿಗೂ ಸಮಾನ ಅವಕಾಶ. ದೋಷವೆಂದರೆ ಶ್ರಮ. ಹತ್ತು ಹೆಸರು ಬೇಕಾದರೂ ಕೋಟಿ ಹೆಸರುಗಳನ್ನು ಮುಟ್ಟಬೇಕು, ಜೋಡಿಸಬೇಕು. ಪಟ್ಟಿ ದೊಡ್ಡದಾದಷ್ಟೂ ಯಂತ್ರ ನಿಧಾನವಾಗುತ್ತದೆ. ಆಗ ಕೆಲಸಗಾರರು ಅಡ್ಡದಾರಿ ಹುಡುಕುತ್ತಾರೆ.

ಅಂತಹ ಒಂದು ಅಡ್ಡದಾರಿ ಹೀಗೆ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಇದ್ದೇ ಇದೆ. ಒಂದರಿಂದ ಕೊನೆಯ ಸಂಖ್ಯೆಯವರೆಗೆ ಯಾವುದಾದರೂ ಒಂದು ಸಂಖ್ಯೆಯನ್ನು ಎತ್ತಿ ಆ ಸಾಲನ್ನು ತೆರೆದರಾಯಿತು. ಸುಲಭವೇ ಸರಿ. ಆದರೆ ರಿಜಿಸ್ಟರಿನಲ್ಲಿ ಎಲ್ಲ ಸಂಖ್ಯೆಗಳೂ ಜೀವಂತವಾಗಿರುವುದಿಲ್ಲ. ತೀರಿಕೊಂಡವರ ಹೆಸರಿಗೆ ಗೀಟು ಬಿದ್ದಿರುತ್ತದೆ. ಊರು ಬಿಟ್ಟವರ ಹೆಸರು ತೆಗೆದುಹಾಕಿರುತ್ತಾರೆ. ಎತ್ತಿದ ಸಂಖ್ಯೆಯಲ್ಲಿ ಯಾರೂ ಇಲ್ಲದಿದ್ದರೆ? ‘ಅದರ ನಂತರದವರನ್ನು ತೆಗೆದುಕೋ’ ಎಂದು ಯಂತ್ರಕ್ಕೆ ಹೇಳಿಬಿಡುತ್ತಾರೆ. ಇಲ್ಲಿಯೇ ತಪ್ಪುವುದು.

ಹತ್ತು ಸಾಲುಗಳ ಒಂದು ಪುಟವನ್ನು ಊಹಿಸಿಕೊಳ್ಳಿ. 5, 6, 7, 8ನೆಯ ಹೆಸರುಗಳಿಗೆ ಗೀಟು ಬಿದ್ದಿದೆ. ಉಳಿದವರು ಆರು ಮಂದಿ. ನ್ಯಾಯವೆಂದರೆ ಪ್ರತಿಯೊಬ್ಬರಿಗೂ ಆರರಲ್ಲಿ ಒಂದು ಪಾಲು ಅವಕಾಶ. ಆದರೆ ‘ನಂತರದವರು’ ಎಂಬ ನಿಯಮದಲ್ಲಿ 5 ಬಂದರೂ 9ನೆಯವನಿಗೆ, 6 ಬಂದರೂ ಅವನಿಗೇ, 7 ಬಂದರೂ, 8 ಬಂದರೂ ಅವನಿಗೇ. 9 ಬಂದರಂತೂ ಅವನದೇ. ಹತ್ತರಲ್ಲಿ ಐದು ಪಾಲು ಒಬ್ಬನಿಗೆ! ಉಳಿದ ಐವರಿಗೆ ಹತ್ತರಲ್ಲಿ ಒಂದೊಂದು ಪಾಲು ಮಾತ್ರ. ನಾಲ್ಕು ಖಾಲಿ ಮನೆಗಳ ಆಚೆ ವಾಸಿಸುವುದೇ 9ನೆಯವನ ಭಾಗ್ಯವಾಯಿತು. ಇದಕ್ಕೆ ಪರಿಹಾರವೂ ಸರಳ. ಖಾಲಿ ಸಂಖ್ಯೆ ಬಂದರೆ ಅದನ್ನು ಬಿಸಾಡಿ ಮತ್ತೆ ಮೊದಲಿನಿಂದ ಎತ್ತಬೇಕು, ಪಕ್ಕದವನನ್ನು ಹಿಡಿಯಬಾರದು.

ಇನ್ನೊಂದು ಅಡ್ಡದಾರಿ ಪುಟಗಳನ್ನೇ ಎತ್ತುವುದು. ಕಂಪ್ಯೂಟರು ಸಾಲುಗಳನ್ನು ಪುಟಗಳಂತಹ ಕಟ್ಟುಗಳಲ್ಲಿ ಇಟ್ಟಿರುತ್ತದೆ. ಒಂದೊಂದು ಸಾಲನ್ನು ಹುಡುಕುವ ಬದಲು ಯಾದೃಚ್ಛಿಕವಾಗಿ ಒಂದು ಪುಟ ತೆರೆದು ಅದರಲ್ಲಿರುವವರನ್ನೆಲ್ಲ ತೆಗೆದುಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಪೋಸ್ಟ್‌ಗ್ರೆಸ್ ಎಂಬ ಹೆಸರಾಂತ ದತ್ತಾಂಶ ವ್ಯವಸ್ಥೆಯಲ್ಲಿ 2016ರಲ್ಲಿ ಬಂದ 9.5ನೆಯ ಆವೃತ್ತಿಯಿಂದ ಈ ಎರಡೂ ಸೌಕರ್ಯಗಳಿವೆ: ಸಾಲು ಸಾಲಾಗಿ ಆರಿಸುವುದು ಒಂದು, ಪುಟ ಪುಟವಾಗಿ ಆರಿಸುವುದು ಇನ್ನೊಂದು. ಎರಡನೆಯದು ವೇಗ, ಆದರೆ ಪುಟದಲ್ಲಿ ಅಕ್ಕಪಕ್ಕ ಇರುವವರು ಹೆಚ್ಚಾಗಿ ಒಂದೇ ಬಗೆಯವರು. ನಮ್ಮ ಮತದಾರರ ಪಟ್ಟಿಯನ್ನೇ ನೋಡಿ. ಒಂದು ಪುಟವೆಂದರೆ ಒಂದು ಕೇರಿ, ಕೆಲವೊಮ್ಮೆ ಒಂದೇ ತರವಾಡು. ಕನ್ನಡದ ಮನೆಗಳು ಹತ್ತಿರ ಹತ್ತಿರ ಇರುವ ಊರಿನಲ್ಲಿ ಆ ಪುಟ ಬಂದರೆ ಎಲ್ಲರೂ ಬಂದರು. ಬಾರದಿದ್ದರೆ ಒಬ್ಬರೂ ಬರಲಿಲ್ಲ.

ಮತ್ತೊಂದು ಸುಂದರವಾದ ಉಪಾಯವಿದೆ. ಪಟ್ಟಿ ಎಷ್ಟು ಉದ್ದವೆಂದು ಮೊದಲೇ ತಿಳಿಯದಿದ್ದಾಗ ಅದು ಉಪಯೋಗಕ್ಕೆ ಬರುತ್ತದೆ. ಜಾತ್ರೆಗೆ ಬರುವವರಲ್ಲಿ ಒಬ್ಬರನ್ನು ಆರಿಸಬೇಕು; ಎಷ್ಟು ಮಂದಿ ಬರುತ್ತಾರೆಂದು ಗೊತ್ತಿಲ್ಲ ಎನ್ನಿ. ಮೊದಲು ಬಂದವರ ಹೆಸರನ್ನು ಬರೆದುಕೊಳ್ಳಿ. ಎರಡನೆಯವರು ಬಂದಾಗ ಎರಡು ಚೀಟಿಗಳಲ್ಲಿ ಒಂದನ್ನು ಎತ್ತಿ, ಗುರುತು ಬಂದರೆ ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆಯಿರಿ. ಮೂರನೆಯವರಿಗೆ ಮೂರು ಚೀಟಿಗಳಲ್ಲಿ ಒಂದು, ನೂರನೆಯವರಿಗೆ ನೂರು ಚೀಟಿಗಳಲ್ಲಿ ಒಂದು. ಜಾತ್ರೆ ಮುಗಿದಾಗ ಪುಸ್ತಕದಲ್ಲಿ ಉಳಿದ ಹೆಸರಿಗೆ ಎಲ್ಲರಷ್ಟೇ ಅವಕಾಶವಿತ್ತು. ಮೂರೇ ಮಂದಿಯ ಲೆಕ್ಕ ಹಾಕಿ ನೋಡಿ. ಮೂರನೆಯವರು ಬರುವ ಸಂಭವ ಮೂರರಲ್ಲಿ ಒಂದು. ಮೊದಲನೆಯವರು ಉಳಿಯಬೇಕಾದರೆ ಎರಡನೆಯ ಸುತ್ತಿನಲ್ಲಿ ಎರಡರಲ್ಲಿ ಒಂದು, ಮೂರನೆಯ ಸುತ್ತಿನಲ್ಲಿ ಮೂರರಲ್ಲಿ ಎರಡು. ಗುಣಿಸಿದರೆ ಮೂರರಲ್ಲಿ ಒಂದೇ. ಈ ಬಗೆಯ ಆಯ್ಕೆಯನ್ನು ಕುರಿತು ಜೆಫ್ರಿ ವಿಟ್ಟರ್ ಎಂಬ ಗಣಕ ವಿಜ್ಞಾನಿ 1985ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಗಿದೆ.

ಯಂತ್ರಕ್ಕೆ ಅದೃಷ್ಟವೆಂಬುದು ಗೊತ್ತಿಲ್ಲ

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಹೇಳಿದಷ್ಟನ್ನೇ ಮಾಡುವ ಯಂತ್ರಕ್ಕೆ ಗೊತ್ತುಗುರಿಯಿಲ್ಲದ ಸಂಖ್ಯೆ ಎಲ್ಲಿಂದ ಬರುತ್ತದೆ? ಮೊದಲು ಅದನ್ನು ಪುಸ್ತಕಗಳಿಂದ ಪಡೆಯುತ್ತಿದ್ದರು. 1927ರಲ್ಲಿ ಟಿಪ್ಪೆಟ್ ಎಂಬ ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞ ಜನಗಣತಿಯ ವರದಿಗಳಿಂದ ಆಯ್ದ 41,600 ಅಂಕೆಗಳನ್ನು ಅಚ್ಚು ಹಾಕಿಸಿದ. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಹತ್ತು ಲಕ್ಷ ಅಂಕೆಗಳ ಗ್ರಂಥವನ್ನೇ ಹೊರತಂದಿತು. ಕತೆಯಿಲ್ಲ, ಪದ್ಯವಿಲ್ಲ, ಪುಟ ಪುಟವೂ ಬರಿಯ ಅಂಕೆ.

ಈಗ ಯಂತ್ರವೇ ಲೆಕ್ಕಮಾಡಿ ಸಂಖ್ಯೆ ಹುಟ್ಟಿಸುತ್ತದೆ. ಶಾಲೆಯ ಮಕ್ಕಳೂ ಮಾಡಬಹುದಾದ ಒಂದು ಸಣ್ಣ ಮಾದರಿ ಇಲ್ಲಿದೆ. 7ನ್ನು ತೆಗೆದುಕೊಳ್ಳಿ. ಐದರಿಂದ ಗುಣಿಸಿ, ಮೂರು ಕೂಡಿಸಿ, ಹದಿನಾರರಿಂದ ಭಾಗಿಸಿ, ಶೇಷವನ್ನು ಬರೆಯಿರಿ. 6 ಬರುತ್ತದೆ. 6ಕ್ಕೆ ಅದನ್ನೇ ಮಾಡಿ, 1 ಬರುತ್ತದೆ. ಹೀಗೆಯೇ ಮುಂದುವರಿದರೆ 8, 11, 10, 5, 12. ನೋಡುವವರಿಗೆ ಗೊತ್ತುಗುರಿಯಿಲ್ಲದಂತೆ ಕಾಣುತ್ತದೆ. ಆದರೆ ಗುಟ್ಟು ಬಲ್ಲವನಿಗೆ ಮುಂದಿನ ಸಂಖ್ಯೆ ಅಂಗೈಯ ನೆಲ್ಲಿ. ಆರಂಭದ 7ನ್ನು ಬೀಜವೆನ್ನುತ್ತಾರೆ. ಬೀಜ ಅದೇ ಆದರೆ ಬೆಳೆಯೂ ಅದೇ. ಕಂಪ್ಯೂಟರುಗಳು ಬಳಸುವ ಲೆಕ್ಕ ಇದಕ್ಕಿಂತ ಬಹಳ ಜಟಿಲವಾದುದು; ಕೆಲವು ಯಂತ್ರಗಳು ವಿದ್ಯುತ್ತಿನ ಸಹಜ ಏರಿಳಿತದಿಂದಲೂ ಬೀಜವನ್ನು ಪಡೆಯುತ್ತವೆ. ಆದರೂ ಬೀಜವನ್ನೂ ಲೆಕ್ಕವನ್ನೂ ಬಲ್ಲವನ ಕೈಯಲ್ಲಿ ಫಲಿತಾಂಶವಿದೆ ಎಂಬ ತತ್ತ್ವ ಬದಲಾಗುವುದಿಲ್ಲ.

ಇದು ಬರಿಯ ಶಂಕೆಯಲ್ಲ. ಅಮೆರಿಕದ ಹಲವು ರಾಜ್ಯಗಳಿಗಾಗಿ ಲಾಟರಿ ನಡೆಸುವ ಸಂಘವೊಂದರಲ್ಲಿ ಕಂಪ್ಯೂಟರು ಭದ್ರತೆಯ ನಿರ್ದೇಶಕನಾಗಿದ್ದವನೇ ವರ್ಷದ ಕೆಲವು ನಿರ್ದಿಷ್ಟ ದಿನಗಳಲ್ಲಿ ಸಂಖ್ಯೆಗಳನ್ನು ಮುಂಚಿತವಾಗಿ ಊಹಿಸಬಹುದಾದಂತಹ ಸಾಲುಗಳನ್ನು ಯಂತ್ರದ ಕ್ರಮವಿಧಿಯಲ್ಲಿ ಸೇರಿಸಿಟ್ಟಿದ್ದ. 2010ರ ಡಿಸೆಂಬರ್ 29ರ ಡ್ರಾದಲ್ಲಿ 1 ಕೋಟಿ 65 ಲಕ್ಷ ಡಾಲರು ಬಹುಮಾನ ಬಂದ ಟಿಕೇಟನ್ನು ಕೊಂಡವನು ಅವನೇ ಎಂದು ಅಂಗಡಿಯ ಕ್ಯಾಮರಾದಿಂದ ಪತ್ತೆಯಾಯಿತು. ಹಣ ಅವನ ಕೈ ಸೇರಲಿಲ್ಲ. 2017ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ 25 ವರ್ಷಗಳವರೆಗಿನ ಸೆರೆವಾಸದ ಶಿಕ್ಷೆಯಾಯಿತು. ಬಾಲಕನ ಕೈಯಿಂದ ಎತ್ತಿಸಿ, ಮಧ್ಯಸ್ಥನ ಬೆರಳು ಬಿಡಿಸಿದ ಉತ್ತರಮೇರೂರಿನವರು ಬೇಡದ ಸಂಶಯ ಪಟ್ಟವರಲ್ಲ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಕಂಪ್ಯೂಟರಿನ ಅಂಗೈಯನ್ನು ಬಿಡಿಸುವುದು ಹೇಗೆ? ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಬೇಕು. ಯಾವ ಲೆಕ್ಕದಿಂದ ಆರಿಸುತ್ತೇವೆಂದು ಮೊದಲೇ ಹೇಳಬೇಕು. ಬೀಜದ ಸಂಖ್ಯೆಯನ್ನು ಎಲ್ಲರೆದುರು, ದಾಳ ಎಸೆದೋ ಚೀಟಿ ಎತ್ತಿಯೋ ಆರಿಸಬೇಕು. ಆಗ ಬೇರೆ ಯಾರು ಬೇಕಾದರೂ ಅದೇ ಪಟ್ಟಿಗೆ ಅದೇ ಲೆಕ್ಕವನ್ನು ಹಾಕಿ ಅದೇ ಹೆಸರುಗಳು ಬರುತ್ತವೆಯೇ ಎಂದು ತಾಳೆ ನೋಡಬಹುದು.

ಪಟ್ಟಿಯಲ್ಲೇ ಇಲ್ಲದವರು

ಎಷ್ಟು ಚೆನ್ನಾಗಿ ಕುಲುಕಿದರೂ ಕೊಡದೊಳಗೆ ಇಲ್ಲದ ಓಲೆ ಹೊರಗೆ ಬರಲಾರದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಅಧ್ಯಕ್ಷರ ಚುನಾವಣೆಯ ಭವಿಷ್ಯ ಹೇಳಲು ಸುಮಾರು ಒಂದು ಕೋಟಿ ಮಂದಿಗೆ ಕಾರ್ಡು ಕಳುಹಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು! ಪತ್ರಿಕೆ ಹೆಸರುಗಳನ್ನು ಆಯ್ದದ್ದು ಬಹುಮಟ್ಟಿಗೆ ಟೆಲಿಫೋನ್ ಪುಸ್ತಕದಿಂದ ಮತ್ತು ಮೋಟಾರು ಕಾರು ಉಳ್ಳವರ ಪಟ್ಟಿಗಳಿಂದ. ಆ ಕಷ್ಟಕಾಲದಲ್ಲಿ ಟೆಲಿಫೋನೂ ಕಾರೂ ಇಲ್ಲದ ಬಡವರ ಮನಸ್ಸಿನಲ್ಲಿ ಏನಿತ್ತೆಂಬುದು ಆ ಪಟ್ಟಿಗಳಿಗೆ ಗೊತ್ತಿರಲಿಲ್ಲ. ಉತ್ತರ ಬರೆಯದೆ ಉಳಿದ ಮುಕ್ಕಾಲು ಪಾಲು ಜನರ ಮನಸ್ಸೂ ಗೊತ್ತಾಗಲಿಲ್ಲ. ಲಕ್ಷ ಲಕ್ಷ ಉತ್ತರಗಳು ಸೇರಿಯೂ ಪಟ್ಟಿಯ ದೋಷವನ್ನು ತೊಳೆಯಲಾರದೆ ಹೋದವು.

ನೂರಕ್ಕೆ ನಾಲ್ಕು ಮನೆ

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಲೆಕ್ಕಕ್ಕಾಗಿ ಸಾವಿರ ಮನೆಗಳ ಒಂದು ಪ್ರದೇಶವನ್ನು ಊಹಿಸಿಕೊಳ್ಳೋಣ. ಅದರಲ್ಲಿ ಕನ್ನಡದ ಮನೆಗಳು 40, ಅಂದರೆ ನೂರಕ್ಕೆ ನಾಲ್ಕು. ಶಾಲೆಯ ಅಗತ್ಯಗಳನ್ನು ತಿಳಿಯಲು 50 ಮನೆಗಳನ್ನು ಯಾವ ಪಕ್ಷಪಾತವೂ ಇಲ್ಲದೆ ಆರಿಸಿದರೆಂದುಕೊಳ್ಳಿ. ಕನ್ನಡದ ಮನೆಗಳು ಎಷ್ಟು ಬಂದಾವು? ಸರಾಸರಿ ಎರಡು. ಒಂದೂ ಬಾರದಿರುವ ಸಂಭವವೂ ಇದೆ. ಇಂತಹ ನೂರು ಸಮೀಕ್ಷೆಗಳಲ್ಲಿ ಹನ್ನೆರಡು ಹದಿಮೂರರಲ್ಲಿ ಒಂದೇ ಒಂದು ಕನ್ನಡದ ಮನೆಯೂ ಇರಲಾರದು. ಬಂದ ಎರಡು ಮನೆಗಳಿಂದಲಾದರೂ ನಲುವತ್ತು ಮನೆಗಳ ಮಕ್ಕಳ ಪಾಠಪುಸ್ತಕದ ಅವಸ್ಥೆಯನ್ನು ಹೇಳಲಾದೀತೇ? ‘ಬೇಡಿಕೆ ಕಂಡುಬಂದಿಲ್ಲ’ ಎಂಬ ಒಂದು ವಾಕ್ಯ ವರದಿಯಲ್ಲಿ ಬಂದರೆ ಅದರಲ್ಲಿ ಸುಳ್ಳಿಲ್ಲ, ಸತ್ಯವೂ ಇಲ್ಲ.

ಇದಕ್ಕೆ ಪರಿಹಾರ ಉತ್ತರಮೇರೂರಿನ ಬೇರೆ ಬೇರೆ ಕಟ್ಟುಗಳೇ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸ್ತರಗಳ ಆಯ್ಕೆ ಎಂದು ಹೆಸರು. ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸರು ಬಂಗಾಳದ ಸೆಣಬಿನ ಬೆಳೆಯನ್ನು ಇಂತಹ ಮಾದರಿ ಸಮೀಕ್ಷೆಗಳಿಂದ ಅಳೆದು ತೋರಿಸಿದರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ದೇಶವನ್ನು ಸ್ತರಗಳಾಗಿ ವಿಂಗಡಿಸಿಕೊಂಡೇ ಹಳ್ಳಿಗಳನ್ನೂ ಮನೆಗಳನ್ನೂ ಆರಿಸುತ್ತದೆ.

ನಮ್ಮ ಲೆಕ್ಕದಲ್ಲಿ ಇದು ಹೀಗಾಗುತ್ತದೆ. ಕನ್ನಡದ 40 ಮನೆಗಳನ್ನು ಒಂದು ಕಟ್ಟು ಮಾಡಿ ಅದರಿಂದ 20 ಎತ್ತಬೇಕು. ಉಳಿದ 960 ಮನೆಗಳಿಂದ 48 ಎತ್ತಬೇಕು. ‘ಅಲ್ಪಸಂಖ್ಯಾತರಿಗೆ ಹೆಚ್ಚು ಪಾಲು ಕೊಟ್ಟಿರಲ್ಲ’ ಎಂದು ಯಾರಾದರೂ ಆಕ್ಷೇಪಿಸಿಯಾರು. ಅದಕ್ಕೂ ಉತ್ತರವಿದೆ. ಒಟ್ಟು ಲೆಕ್ಕ ಮಾಡುವಾಗ ಮೊದಲ ಕಟ್ಟಿನ ಪ್ರತಿ ಮನೆಯನ್ನು ಎರಡು ಮನೆಗಳ ಮಾತೆಂದೂ, ಎರಡನೆಯ ಕಟ್ಟಿನ ಪ್ರತಿ ಮನೆಯನ್ನು ಇಪ್ಪತ್ತು ಮನೆಗಳ ಮಾತೆಂದೂ ಎಣಿಸಿದರಾಯಿತು. 20 ಎರಡಲಿ ನಲುವತ್ತು, 48 ಇಪ್ಪತ್ತಲಿ ಒಂಬೈನೂರ ಅರುವತ್ತು. ಯಾರ ತೂಕವೂ ಹೆಚ್ಚಲಿಲ್ಲ, ಯಾರ ಧ್ವನಿಯೂ ಅಡಗಲಿಲ್ಲ. ಅಲ್ಪಸಂಖ್ಯಾತರು ಕೇಳುವುದು ಉಪಕಾರವನ್ನಲ್ಲ, ಸರಿಯಾದ ಲೆಕ್ಕವನ್ನು.

ಆದರೆ ಕಟ್ಟು ಕಟ್ಟಬೇಕಾದರೆ ಯಾರ ಮನೆಯ ಭಾಷೆ ಯಾವುದೆಂದು ಪಟ್ಟಿಯಲ್ಲಿ ಇರಬೇಕು. ನಮ್ಮ ಜಿಲ್ಲೆಯಲ್ಲಿ ಇದೇ ಒಂದು ತೊಡಕು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಕಚೇರಿಯಲ್ಲಿ ಮಲಯಾಳದಲ್ಲಿ ವ್ಯವಹರಿಸುವ ಕುಟುಂಬಗಳು ಎಷ್ಟಿಲ್ಲ! ಪಟ್ಟಿಯ ಸಾಲಿನಲ್ಲಿ ಭಾಷೆಗೆ ಇರುವುದು ಒಂದೇ ಕಾಲಂ. ಮಾತೃಭಾಷೆ ಎಂಬಲ್ಲಿ ತುಳು ಎಂದು ಬರೆದರೆ ಅದು ನಿಜವೇ. ಆದರೆ ಆ ಮನೆಯ ಮಗುವಿಗೆ ಬೇಕಾದದ್ದು ಕನ್ನಡದ ಪಾಠಪುಸ್ತಕ ಎಂಬುದನ್ನು ಆ ಕಾಲಂ ಹೇಳುವುದಿಲ್ಲ. ಆದುದರಿಂದ ಶಾಲಾ ಮಾಧ್ಯಮದ ಭಾಷೆಗೂ ಬೇರೆ ಕಾಲಂ ಇರಬೇಕೆಂಬುದು ನ್ಯಾಯವಾದ ಬೇಡಿಕೆ.

ಪಕ್ಕದ ಮನೆಗೆ ಹೋಗುವ ಅಪಾಯ

ಇನ್ನೊಂದು ಸೂಕ್ಷ್ಮವಿದೆ. ಚೀಟಿಯಲ್ಲಿ ಕನ್ನಡದ ಮನೆಯೇ ಬಂತೆನ್ನಿ. ಸಮೀಕ್ಷೆಯವರು ಮಲಯಾಳದ ಪ್ರಶ್ನಾವಳಿ ಹಿಡಿದು ಬಂದರು. ಮನೆಯಲ್ಲಿ ವಯಸ್ಸಾದ ಅಜ್ಜಿ ಮಾತ್ರ. ಅವರಿಗೆ ಆ ಭಾಷೆ ಓದಲು ಬಾರದು, ಪ್ರಶ್ನೆಯೂ ಪೂರ್ತಿ ತಿಳಿಯದು. ‘ಮಗ ಬಂದ ಮೇಲೆ ಬನ್ನಿ ಮಾರಾಯರೇ’ ಎಂದು ಅವರು ಕಳುಹಿಸಿಬಿಡುತ್ತಾರೆ. ಬಿಸಿಲಿನಲ್ಲಿ ತಿರುಗಿ ಸಾಕಾದ ಸಮೀಕ್ಷೆಯವರು ಪಕ್ಕದ ಮನೆಗೆ ಹೋಗಿ ಫಾರ್ಮು ತುಂಬಿಸಿದರೆ, ಗೀಟು ಬಿದ್ದ ಸಂಖ್ಯೆಯ ಪಾಲನ್ನು ನಂತರದವನಿಗೆ ಕೊಟ್ಟ ಯಂತ್ರದ ತಪ್ಪೇ ಇಲ್ಲಿಯೂ ನಡೆದಂತಾಯಿತು. ವ್ಯತ್ಯಾಸವಿಷ್ಟೆ: ಅಲ್ಲಿ ಸಾಲು ಖಾಲಿಯಿತ್ತು, ಇಲ್ಲಿ ಮನೆಯಲ್ಲಿ ಜನರಿದ್ದಾರೆ, ಅವರ ಮಾತು ಮಾತ್ರ ಖಾಲಿಯಾಯಿತು.

ಒಳ್ಳೆಯ ಸಮೀಕ್ಷೆಯ ನಿಯಮ ಹಾಗಿಲ್ಲ. ಆರಿಸಿದ ಮನೆಗೆ ಮತ್ತೆ ಮತ್ತೆ ಹೋಗಬೇಕು. ಬದಲಿ ಮನೆ ಬೇಕಾದರೆ ಅದನ್ನೂ ಮುಂಚಿತವಾಗಿ ಚೀಟಿಯಿಂದಲೇ ಆರಿಸಿರಬೇಕು. ಪ್ರಶ್ನಾವಳಿ ಮನೆಯವರ ಭಾಷೆಯಲ್ಲಿರಬೇಕು. ರಾಜ್ಯದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅವಕಾಶ ಕೊಟ್ಟಿದೆ. ನಮ್ಮ ಅಹವಾಲನ್ನು ನಮ್ಮ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯೂ ಕೊಡುತ್ತದೆ. ನಾವು ಬರೆಯುವುದನ್ನು ಕನ್ನಡದಲ್ಲಿ ಬರೆಯಬಹುದಾದರೆ, ನಮ್ಮನ್ನು ಕೇಳುವುದನ್ನೂ ಕನ್ನಡದಲ್ಲಿ ಕೇಳಬೇಕೆನ್ನುವುದರಲ್ಲಿ ಅತಿಯಾದುದೇನೂ ಇಲ್ಲ.

ನಾವು ಮಾಡಬಹುದಾದದ್ದು

ಇಷ್ಟು ಹೇಳಿದ ಮೇಲೆ ಹೊಣೆಯನ್ನೆಲ್ಲ ಕಚೇರಿಗಳ ಮೇಲೆ ಹೊರಿಸಿ ಕುಳಿತುಕೊಳ್ಳುವುದು ಸರಿಯಲ್ಲ. ಪಟ್ಟಿ ಪ್ರಕಟವಾದಾಗ ನಮ್ಮ ಮನೆಯ ಸಾಲು ಇದೆಯೇ, ಹೆಸರು ಸರಿಯಾಗಿದೆಯೇ ಎಂದು ನೋಡುವವರು ನಾವೇ ಆಗಬೇಕು. ಕನ್ನಡದ ಹೆಸರುಗಳು ಮಲಯಾಳ ಲಿಪಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಬರುವಾಗ ಮನೆತನದ ಹೆಸರೇ ಬೇರೆಯಾಗಿ, ಒಬ್ಬರೇ ಇಬ್ಬರಾಗುವುದುಂಟು. ಇಬ್ಬರಲ್ಲಿ ಒಬ್ಬರನ್ನು ತೆಗೆದುಹಾಕುವಾಗ ಇರುವವರೇ ಹೋಗುವುದೂ ಉಂಟು. ವಾರ್ಡಿನ ಚೀಟಿ ಎತ್ತುವ ದಿನ, ಶಾಲೆಯ ಸ್ಥಾನಗಳಿಗೆ ಆಯ್ಕೆ ನಡೆಯುವ ದಿನ ಅಲ್ಲಿಗೆ ಹೋಗಿ ನಿಲ್ಲುವ ಪುರುಸೊತ್ತನ್ನು ನಾಲ್ಕು ಮಂದಿಯಾದರೂ ಮಾಡಿಕೊಳ್ಳಬೇಕು. ಸಮೀಕ್ಷೆಯವರು ಬಂದಾಗ ಬಾಗಿಲಿನಿಂದಲೇ ಕಳುಹಿಸದೆ ಕುಳ್ಳಿರಿಸಿ, ಭಾಷೆಯ ಕಾಲಮಿನಲ್ಲಿ ಏನು ಬರೆದರೆಂದು ಕೇಳಿ ತಿಳಿದುಕೊಳ್ಳಬೇಕು. ಪೇಟೆಯಲ್ಲಿ ಓದುವ ಮಕ್ಕಳಿಗೆ ಕಂಪ್ಯೂಟರಿನ ವಿದ್ಯೆ ಚೆನ್ನಾಗಿ ಗೊತ್ತಿದೆ. ಅವರು ಊರಿನ ಹಿರಿಯರ ಪರವಾಗಿ ಮೂರು ಪ್ರಶ್ನೆಗಳನ್ನು ಕೇಳಲು ಕಲಿಯಲಿ. ಪಟ್ಟಿಯಲ್ಲಿ ಯಾರೆಲ್ಲ ಇದ್ದಾರೆ? ಖಾಲಿ ಸಂಖ್ಯೆ ಬಂದಾಗ ಏನು ಮಾಡುತ್ತೀರಿ? ಬೀಜವನ್ನು ಯಾರು, ಯಾವಾಗ ಆರಿಸಿದರು?

ಈ ಮೂರಕ್ಕೂ ನೇರವಾದ ಉತ್ತರ ಸಿಕ್ಕಿದರೆ, ಆಮೇಲೆ ಚೀಟಿಯಲ್ಲಿ ನಮ್ಮ ಹೆಸರು ಬಾರದಿದ್ದರೂ ಬೇಸರಪಡಬೇಕಾಗಿಲ್ಲ. ಸೋಲು ಅದೃಷ್ಟದ್ದಾದರೆ ಅದನ್ನು ನಕ್ಕು ಮರೆಯಬಹುದು. ಏರ್ಪಾಡಿನದಾದರೆ ಅದನ್ನು ತಿದ್ದಿಸದೆ ಬಿಡಬಾರದು.